ಎಐ ಲಾಭ ಎಲ್ಲರಿಗೂ ಸಿಗುತ್ತದೆಯೇ, ಶ್ರೀಮಂತರಿಗೆ ಮಾತ್ರವೇ?

"ಎಐ ಬಂದರೆ ಎಲ್ಲವೂ ಉಚಿತ, ಇನ್ನು ಯಾರೂ ದುಡಿಯಬೇಕಿಲ್ಲ" ಎನ್ನುವ ವಿಡಿಯೊ ಒಂದು ಗ್ರೂಪಿನಲ್ಲಿ ಬರುತ್ತದೆ. "ಬಡವರ ಕೆಲಸವೆಲ್ಲ ಹೋಗುತ್ತದೆ, ದುಡ್ಡೆಲ್ಲ ನಾಲ್ಕು ಕಂಪನಿಗಳಿಗೆ" ಎನ್ನುವ ಸಂದೇಶ ಇನ್ನೊಂದು ಗ್ರೂಪಿನಲ್ಲಿ. ಇಂಥವು ನಿಮಗೂ ಬಂದಿರಬಹುದು. ಎಐ ಅಂದರೆ ಕೃತಕ ಬುದ್ಧಿಮತ್ತೆಯ ಬಗೆಗಿನ ಈ ಎರಡೂ ಮಾತುಗಳು ಅರ್ಧಸತ್ಯ. ಏಕೆ ಎಂದು ನೋಡೋಣ.

ಬಳಸುವುದು ಅಗ್ಗವಾಗಿದೆ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದಾಗ ಅದನ್ನು ಬಳಸಲು ದುಡ್ಡು ಕೊಡಬೇಕಿರಲಿಲ್ಲ. ಮೊಬೈಲ್ ಮತ್ತು ಇಂಟರ್ನೆಟ್ ಇದ್ದವರು ಇಂಥ ಹಲವು ಆ್ಯಪ್‌ಗಳನ್ನು ಈಗಲೂ ಉಚಿತವಾಗಿ ಬಳಸಬಹುದು. ಪ್ರೊಟೀನ್‌ಗಳ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಎಐಯನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಅದು ಲೆಕ್ಕಹಾಕಿದ 20 ಕೋಟಿಗೂ ಹೆಚ್ಚು ಪ್ರೊಟೀನ್‌ಗಳ ವಿವರ ಎಲ್ಲರಿಗೂ ಮುಕ್ತ. ಔಷಧ ಸಂಶೋಧನೆಗೆ ಬೇಕಾದ ಈ ಮಾಹಿತಿ ಲಂಡನ್ನಿನ ವಿಜ್ಞಾನಿಗೆ ಸಿಗುವಂತೆಯೇ ಮೈಸೂರಿನ ವಿದ್ಯಾರ್ಥಿಗೂ ಸಿಗುತ್ತದೆ.

ಆದರೆ ಒಡೆತನ ಕೆಲವರದು

ದೊಡ್ಡ ಎಐ ತಯಾರಿಸಲು ಸಾವಿರಾರು ವಿಶೇಷ ಚಿಪ್‌ಗಳು, ಡೇಟಾ ಸೆಂಟರ್‌ಗಳು, ಭಾರಿ ಪ್ರಮಾಣದ ವಿದ್ಯುತ್ ಬೇಕು. ಇಷ್ಟು ಬಂಡವಾಳ ಹಾಕಬಲ್ಲ ಕಂಪನಿಗಳು ಜಗತ್ತಿನಲ್ಲೇ ಕಡಿಮೆ. ಈ ಚಿಪ್‌ಗಳನ್ನು ಮಾರುವ ಎನ್‌ವಿಡಿಯಾದ ಮಾರುಕಟ್ಟೆ ಮೌಲ್ಯ 2023ರಲ್ಲಿ 1 ಲಕ್ಷ ಕೋಟಿ ಡಾಲರ್ ದಾಟಿತು. 2025ರ ಜುಲೈನಲ್ಲಿ 4 ಲಕ್ಷ ಕೋಟಿ ಡಾಲರ್ ಮುಟ್ಟಿತು. ಈ ಏರಿಕೆಯ ಲಾಭ ಷೇರು ಇದ್ದವರಿಗೆ. ಆ್ಯಪ್ ಬಳಸುವವರಿಗೆ ಅದರಲ್ಲಿ ಪಾಲಿಲ್ಲ.

ಕೆಲಸದ ಕಥೆ ಏನು?

ಅಂತಾರಾಷ್ಟ್ರೀಯ ಹಣಕಾಸು ನಿಧಿ 2024ರ ಜನವರಿಯಲ್ಲಿ ಹೇಳಿದಂತೆ, ಜಗತ್ತಿನ ಸುಮಾರು 40% ಉದ್ಯೋಗಗಳಿಗೆ ಎಐ ಪ್ರಭಾವ ತಟ್ಟಬಹುದು. ಇದರರ್ಥ ಅಷ್ಟೂ ಕೆಲಸ ಹೋಗುತ್ತದೆ ಎಂದಲ್ಲ. ಕೆಲವು ಹೋಗಬಹುದು, ಕೆಲವು ಸುಲಭವಾಗಬಹುದು. ಆದರೆ ಅಸಮಾನತೆ ಹೆಚ್ಚುವ ಸಾಧ್ಯತೆಯೇ ಜಾಸ್ತಿ ಎಂದೂ ಅದು ಎಚ್ಚರಿಸಿದೆ.

2023ರ ಒಂದು ಅಧ್ಯಯನ 5,000ಕ್ಕೂ ಹೆಚ್ಚು ಗ್ರಾಹಕ ಸೇವಾ ಸಿಬ್ಬಂದಿಯನ್ನು ಗಮನಿಸಿತು. ಎಐ ನೆರವಿನಿಂದ ಅವರ ಕೆಲಸದ ವೇಗ ಸರಾಸರಿ 14% ಹೆಚ್ಚಿತು, ಹೊಸಬರಲ್ಲಿ 34%. ಅನುಭವಿಗಳಿಗೆ ಆದ ಲಾಭ ಅತ್ಯಲ್ಪ. ಕಾಲ್‌ಸೆಂಟರ್‌ಗಳಿರುವ ಬೆಂಗಳೂರಿಗೆ ಇದು ಮುಖ್ಯವಾದ ಸಂಗತಿ. ಆದರೆ ಕೆಲಸ ಹೆಚ್ಚಾದ ಮಾತ್ರಕ್ಕೆ ಸಂಬಳ ಹೆಚ್ಚುತ್ತದೆಯೇ?

ಇತಿಹಾಸ ಬೇರೆಯೇ ಹೇಳುತ್ತದೆ. ಯಂತ್ರಗಳು ಬಂದ ಬ್ರಿಟನ್ನಿನಲ್ಲಿ 1780ರಿಂದ 1840ರವರೆಗೆ ಪ್ರತಿ ಕಾರ್ಮಿಕನ ಉತ್ಪಾದನೆ ಸುಮಾರು 46% ಏರಿತು, ನಿಜ ಕೂಲಿ ಏರಿದ್ದು ಸುಮಾರು 12%. ಇದು ಆರ್ಥಿಕ ಇತಿಹಾಸಕಾರ ರಾಬರ್ಟ್ ಆಲೆನ್ ಅವರ ಲೆಕ್ಕ. ಮುಂದೆ ಕೂಲಿಯೂ ಏರಿತು, ನಿಜ. ಆದರೆ ಅಷ್ಟರಲ್ಲಿ ಎರಡು ತಲೆಮಾರು ಕಳೆದಿತ್ತು.

ಪಾಲು ಹಂಚುವ ದಾರಿಗಳಿವೆ

ಎಐಗೆ ಕನ್ನಡ ಕಲಿಸಲು ಕನ್ನಡಿಗರ ದನಿ ಬೇಕು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಹಳ್ಳಿಯ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿ, ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿದೆ. ಆ ದತ್ತಾಂಶ ಮತ್ತೆ ಮಾರಾಟವಾದರೆ ಅವರಿಗೂ ಪಾಲು ಕೊಡುವುದು ಅದರ ನಿಯಮ. ಕೇಂದ್ರ ಸರ್ಕಾರ 2022ರಲ್ಲಿ ಭಾರತೀಯ ಭಾಷೆಗಳಿಗಾಗಿ ಭಾಷಿಣಿ ಆರಂಭಿಸಿತು. 2024ರ ಮಾರ್ಚ್‌ನಲ್ಲಿ ಸುಮಾರು 10,372 ಕೋಟಿ ರೂಪಾಯಿಯ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ದುಬಾರಿ ಚಿಪ್‌ಗಳ ಬಳಕೆಯನ್ನು ಸ್ಟಾರ್ಟಪ್‌ಗಳಿಗೆ, ಸಂಶೋಧಕರಿಗೆ ಕಡಿಮೆ ದರದಲ್ಲಿ ಒದಗಿಸುವುದು ಇದರ ಒಂದು ಉದ್ದೇಶ.

ಒಟ್ಟಿನಲ್ಲಿ

ಎಐ ಬಳಕೆ ಶ್ರೀಮಂತರಿಗೆ ಮಾತ್ರ ಎಂಬುದು ತಪ್ಪು. ಅದರ ಲಾಭ ತಾನಾಗಿಯೇ ಎಲ್ಲರಿಗೂ ತಲುಪುತ್ತದೆ ಎಂಬುದೂ ತಪ್ಪು. ಕೂಲಿ, ತೆರಿಗೆ, ತರಬೇತಿ, ಭಾಷೆ ಕುರಿತು ಸರ್ಕಾರ ಮತ್ತು ಕಂಪನಿಗಳು ಮಾಡುವ ತೀರ್ಮಾನಗಳ ಮೇಲೆ ಅದು ನಿಂತಿದೆ. ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ ಮೂರು ಪ್ರಶ್ನೆ ಕೇಳಿ: ಇದು ಬಳಕೆಯ ಮಾತೋ, ಒಡೆತನದ ಮಾತೋ? ಅಂಕಿಅಂಶ ಎಲ್ಲಿಯದು? ಉಳಿತಾಯವಾದ ಹಣ ಯಾರ ಜೇಬಿಗೆ ಹೋಗುತ್ತದೆ? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.