ಅಗ್ರಹಾರದ ಪಡಸಾಲೆಯಲ್ಲಿ ಮೈಸೂರು

ಅಂಕಿಅಂಶ ಬೇಕಾದವರಿಗೆ ಗೆಜೆಟಿಯರ್ ಇದೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, 2011ರ ಜನಗಣತಿಯಂತೆ ಒಂಬತ್ತು ಲಕ್ಷದ ಹತ್ತಿರ ಜನ, ಬೆಂಗಳೂರಿಗೆ 140 ಕಿಲೋಮೀಟರು ಚಿಲ್ಲರೆ. ಅರಮನೆಯ ದೀಪ, ಜಂಬೂಸವಾರಿ, ಮೈಸೂರುಪಾಕುಗಳನ್ನು ಕುರಿತು ಬರೆಯುವವರಿಗೆ ಬರವಿಲ್ಲ. ನಾನು ಹೇಳಹೊರಟಿರುವುದು ಈ ಊರಿನಲ್ಲಿ ಕುಳಿತು ಕೃತಿ ಕಟ್ಟಿದವರ ವಿಚಾರ.

ಈಚೆಗೆ ಅಗ್ರಹಾರದ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ಮೈಸೂರಿನ ವಾಗ್ಗೇಯಕಾರರ ರಚನೆಗಳದ್ದೇ ಒಂದು ಕಛೇರಿ ನಡೆಯಿತು. ವೀಣೆ, ಪಿಟೀಲು, ಮೃದಂಗ, ಮೈಕಿಲ್ಲ. ವೀಣೆ ಹುಟ್ಟಿದ್ದೇ ಇಂಥ ಜಾಗಕ್ಕೆ. ಮೀಟಿದ ಮೇಲೆ ತಂತಿಯಲ್ಲಿ ಉಳಿಯುವ ನಾದದ ಬಾಲವನ್ನು ದೊಡ್ಡ ಸಭಾಂಗಣದ ಸ್ಪೀಕರು ನುಂಗಿಬಿಡುತ್ತದೆ, ಪಡಸಾಲೆ ನುಂಗುವುದಿಲ್ಲ. ಮೈಸೂರು ಬಾನಿಯೆಂದರೆ ಏನೆಂದು ಕೇಳುವವರನ್ನು ಅಲ್ಲಿಗೇ ಕರೆದೊಯ್ಯಬೇಕು.

ಮೊದಲಿಗೆ ಸದಾಶಿವರಾಯರ ಧನ್ಯಾಸಿ ವರ್ಣ. ಚಿತ್ತೂರಿನ ಕಡೆಯಿಂದ ಬಂದ ಮರಾಠಿ ಮನೆತನದವರು ಅವರು. ತ್ಯಾಗರಾಜರ ಶಿಷ್ಯ ವಾಲಾಜಾಪೇಟೆ ವೆಂಕಟರಮಣ ಭಾಗವತರಲ್ಲಿ ಕಲಿತು, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದರು. ಕಮಲಾಮನೋಹರಿಯ ‘ನರಸಿಂಹುಡು ಉದಯಿಂಚೆನು’ ಇವರದೇ. ಮೈಸೂರಿನ ಸಂಗೀತದ ವಂಶವೃಕ್ಷ ಬರೆಯಹೊರಟರೆ ಬೇರಿಗೆ ಇವರ ಹೆಸರೇ ಬರಬೇಕು, ಏಕೆಂದರೆ ವೀಣೆ ಶೇಷಣ್ಣನವರೂ ವೀಣೆ ಸುಬ್ಬಣ್ಣನವರೂ ಇವರಲ್ಲಿ ಪಾಠವಾದವರು.

ಶೇಷಣ್ಣನವರ (1852–1926) ಪಲ್ಲಕ್ಕಿಯ ಕಥೆ ಊರಿನಲ್ಲಿ ಎಲ್ಲರಿಗೂ ಗೊತ್ತು. ಬರೋಡೆಯ ಮಹಾರಾಜರು ಅವರನ್ನು ಪಲ್ಲಕ್ಕಿಯಲ್ಲಿ ಮೆರೆಸಿದರಂತೆ. ಮೈಸೂರೇನು ಕಡಿಮೆಯೇ ಎಂದು ಇಲ್ಲಿಯೂ ಅಂಥದೇ ಮೆರವಣಿಗೆ ಏರ್ಪಾಡಾದಾಗ ಶೇಷಣ್ಣನವರು ವೀಣೆಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ನಡೆದರಂತೆ. ಹೇಳುವವರ ಬಾಯಲ್ಲಿ ಬೀದಿಯ ಹೆಸರು ಬದಲಾಗುತ್ತದೆ, ನಡೆದದ್ದು ಮಾತ್ರ ಬದಲಾಗುವುದಿಲ್ಲ. ಕಛೇರಿಯ ಕೊನೆಗೆ ಅವರ ಚೆಂಚುರುಟಿ ತಿಲ್ಲಾನ ಬಂದಾಗ ಹಿಂದಿನ ಸಾಲಿನ ಹಿರಿಯರೊಬ್ಬರು ತೊಡೆಯ ಮೇಲೆ ತಾಳ ತಟ್ಟುತ್ತ ನನಗೆ ಹೇಳಿದ್ದೂ ಇದೇ ಕಥೆ.

ಮೈಸೂರು ವಾಸುದೇವಾಚಾರ್ಯರ (1865–1961) ‘ಬ್ರೋಚೇವಾರೆವರುರಾ’ ನುಡಿಸಿದಾಗ ಮಕ್ಕಳೂ ಗುನುಗಿದರು. 1980ರ ‘ಶಂಕರಾಭರಣಂ’ ಚಿತ್ರದಿಂದ ಅದು ಮನೆಮನೆ ಸೇರಿತು. ಆದರೆ ಅದನ್ನು ತ್ಯಾಗರಾಜರ ಕೃತಿಯೆಂದು ತಿಳಿದವರನ್ನು ಈ ಊರಿನಲ್ಲೇ ಕಂಡಿದ್ದೇನೆ. ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಗುರುಕುಲವಾಸ ಮಾಡಿ, ತೆಲುಗು ಸಂಸ್ಕೃತಗಳಲ್ಲಿ ಬರೆದು, ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ರಾಮಾಯಣ ನೃತ್ಯನಾಟಕಗಳ ಸಂಗೀತ ಕಟ್ಟಿಕೊಟ್ಟವರು ಆಚಾರ್ಯರು. ಆದರೂ ತಾವು ಕಂಡ ವಿದ್ವಾಂಸರ ನೆನಪುಗಳನ್ನು ಕನ್ನಡದಲ್ಲೇ ಬರೆದಿಟ್ಟರು. ಅವರ ‘ನಾ ಕಂಡ ಕಲಾವಿದರು’ ಇಲ್ಲದಿದ್ದರೆ ಈ ಊರಿನ ಅರ್ಧ ಚರಿತ್ರೆ ನಮಗೆ ದಕ್ಕುತ್ತಿರಲಿಲ್ಲ.

ಇನ್ನು ನಾನು ವರ್ಷಗಳಿಂದ ಬೆನ್ನುಹತ್ತಿರುವ ತಕರಾರು. ಜಯಚಾಮರಾಜ ಒಡೆಯರು 1945 ಮತ್ತು 1947ರ ನಡುವೆ ರಚಿಸಿದವೆಂದು 94 ಕೃತಿಗಳಿವೆ. ಎಲ್ಲ ಸಂಸ್ಕೃತದವು, ‘ಶ್ರೀವಿದ್ಯಾ’ ಮುದ್ರೆಯವು. ಇವನ್ನು ನಿಜವಾಗಿ ಬರೆದವರು ಯಾರು? ಗುರುಗಳಾದ ವಾಸುದೇವಾಚಾರ್ಯರೇ ಬರೆದುಕೊಟ್ಟರು ಎಂಬ ಮಾತು ಮೊದಲಿನಿಂದಲೂ ಇದೆ. ಮಹಾರಾಜರೂ ತಾವು ವಾಗ್ಗೇಯಕಾರರೆಂದು ಡಂಗುರ ಹೊಡೆಸಿದವರಲ್ಲ. ಸುಮ್ಮನಿದ್ದವರ ಸುತ್ತ ಗುಮಾನಿ ಬೆಳೆಯುವುದು ಸುಲಭ.

ಎರಡು ಕಡೆಯ ಸಾಹಿತ್ಯವನ್ನೂ ಸ್ವರಪ್ರಸ್ತಾರವನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಆಚಾರ್ಯರದು ಸರಳ ಭಕ್ತಿ. ಖಮಾಚು, ಹಿಂದೋಳ, ಆಭೇರಿಯಂಥ ಜನ ಬಲ್ಲ ರಾಗಗಳಲ್ಲಿ, ಕುಣಿಯುವ ಮಧ್ಯಮಕಾಲದಲ್ಲಿ ಅವರ ಕೈ ಪಳಗಿದೆ. ಒಡೆಯರ ಕೃತಿಗಳಲ್ಲಿ ಸಮಾಸಗಳ ಭಾರ, ಶ್ರೀಚಕ್ರ, ಬೀಜಾಕ್ಷರ, ದೇವಿಯ ಆವರಣಗಳು, ಮುತ್ತುಸ್ವಾಮಿ ದೀಕ್ಷಿತರ ನೆರಳು, ಜೊತೆಗೆ ಯಾರೂ ಮುಟ್ಟದ ರಾಗಗಳ ಮೇಲೆ ಹಟ. ಸ್ವತಃ ಶ್ರೀವಿದ್ಯೆಯ ಉಪಾಸಕನಲ್ಲದವನಿಗೆ ಈ ಸಾಹಿತ್ಯ ಹೊಳೆಯುವುದು ಕಷ್ಟ. ಸ್ವರ ತಿದ್ದಿಕೊಡುವುದರಲ್ಲಿ ಗುರುವಿನ ಕೈ ಇದ್ದಿರಬಹುದು, ಯಾವ ಶಿಷ್ಯನ ಬರವಣಿಗೆಯಲ್ಲಿ ಅದು ಇರುವುದಿಲ್ಲ? ಬಯಕೆಯೂ ಬುದ್ಧಿಯೂ ಅರಸನವೇ ಎಂಬುದು ನನ್ನ ತೀರ್ಮಾನ.

ಸಂಗೀತ ಅವರಿಗೆ ಹವ್ಯಾಸವಾಗಿತ್ತು ಎನ್ನುವವರು ಲಂಡನ್ನಿನ ಕಡೆಗೂ ಸ್ವಲ್ಪ ನೋಡಬೇಕು. ಪಿಯಾನೋ ಕಲಿತ ಒಡೆಯರು 1948ರಲ್ಲಿ ಅಲ್ಲಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾ ಬಿಟ್ಟು ಬಂದು ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದ ನಿಕೊಲಾಯ್ ಮೆಡ್ಟ್ನರ್ ಅವರ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಡ್ಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದದ್ದೂ ಒಡೆಯರು ಹಣದ ಖಾತರಿ ಕೊಟ್ಟದ್ದರಿಂದ. ಅಠಾಣದ ‘ಶ್ರೀ ಮಹಾಗಣಪತಿಂ’ ಕಟ್ಟಿದವರೂ ಇವರೇ ಎಂಬುದು ನಮ್ಮ ಕಾಲೇಜು ಹುಡುಗರಿಗೆ ಗೊತ್ತಿಲ್ಲ.

ಮುತ್ತಯ್ಯ ಭಾಗವತರ ಮೇಲೆ ಮಾತ್ರ ಇಂಥ ಗುಮಾನಿ ಯಾರೂ ತಿರುಗಿಸುವುದಿಲ್ಲ. ಹರಿಕೇಶನಲ್ಲೂರಿನ ಈ ತಮಿಳರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಚಾಮುಂಡೇಶ್ವರಿಯ ಅಷ್ಟೋತ್ತರಕ್ಕೆ 108 ಕನ್ನಡ ಕೃತಿ ಕಟ್ಟಿದರು. ಸಾಹಿತ್ಯಕ್ಕೆ ದೇವೋತ್ತಮ ಜೋಯಿಸರ ನೆರವಿತ್ತೆಂದು ಎಲ್ಲರೂ ಒಪ್ಪುತ್ತಾರೆ, ಒಪ್ಪಿ ಮರೆಯುತ್ತಾರೆ. ಅಂದು ಮೋಹನಕಲ್ಯಾಣಿಯ ‘ಭುವನೇಶ್ವರಿಯ’ ಕೇಳಿ ಪಡಸಾಲೆ ತಲೆದೂಗಿತು, ಜೋಯಿಸರ ಹೆಸರನ್ನು ಯಾರೂ ಎತ್ತಲಿಲ್ಲ.

ಬಿಡಾರಂ ಕೃಷ್ಣಪ್ಪನವರು ಶಿವರಾಂಪೇಟೆಯಲ್ಲಿ ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದ ಬಗ್ಗೆ ಬೇರೆಯೇ ಬರೆಯಬೇಕು. ಕಛೇರಿಯಲ್ಲಿ ದಾಸರ ಪದಗಳಿಗೆ ಮರ್ಯಾದೆಯ ಜಾಗ ಕೊಟ್ಟ ಗಾಯಕರು ಅವರು. ಶಿಷ್ಯ ಪಿಟೀಲು ಚೌಡಯ್ಯನವರೂ ಕೃತಿಕಾರರೇ. ಹುಟ್ಟೂರು ತಿರುಮಕೂಡಲಿನ ನೆನಪಿಗೆ ‘ತ್ರಿಮಕುಟ’ ಎಂದು ಮುದ್ರೆ ಇಟ್ಟುಕೊಂಡರು. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ ಇರುವುದು ಬೆಂಗಳೂರಿನಲ್ಲಿ. ನಮ್ಮ ಸಂಗೀತ ವಿಶ್ವವಿದ್ಯಾಲಯಕ್ಕೆ ಇರುವುದು ಗಂಗೂಬಾಯಿ ಹಾನಗಲ್ ಅವರ ಹೆಸರು. ದೊಡ್ಡ ಹೆಸರು, ಎರಡು ಮಾತಿಲ್ಲ, ಆದರೆ ಅವರು ಧಾರವಾಡ–ಹುಬ್ಬಳ್ಳಿಯವರು. ಇಲ್ಲಿನವರ ಹೆಸರಿಗೆ ಒಂದು ತಿರುವು, ಒಂದು ಬೋರ್ಡು ಸಿಕ್ಕರೆ ಹೆಚ್ಚು.

ಮುತ್ತಯ್ಯ ಭಾಗವತರ ಆ 108 ಕೃತಿಗಳಲ್ಲಿ ಈಗ ಕಛೇರಿಗಳಲ್ಲಿ ಕೇಳುವುದು ಬೆರಳೆಣಿಕೆಯಷ್ಟು. ನವರಾತ್ರಿಯ ಒಂಬತ್ತು ದಿನ, ದಿನಕ್ಕೆ ಹನ್ನೆರಡರಂತೆ ಹಾಡಿದರೆ ಲೆಕ್ಕ ಸರಿಯಾಗಿ ಕೂಡುತ್ತದೆ. ಅದಕ್ಕೆ ಅರಮನೆಯ ವೇದಿಕೆಯೂ ಬೇಡ, ಇಂಥದೊಂದು ಪಡಸಾಲೆ ಸಾಕು. ಕಛೇರಿ ಮುಗಿದ ಮೇಲೆ ಮನೆಯವರಿಗೆ ಇದನ್ನೇ ಹೇಳಿದೆ. ಜಾಗಕ್ಕೇನೂ ಅಡ್ಡಿಯಿಲ್ಲ, ಪಾಠ ಇರುವವರನ್ನು ನೀವೇ ಹುಡುಕಿ ಎಂದರು.