ಹಿತ್ತಲ ಪನ್ನೀರು ಗುಲಾಬಿ ಎಲ್ಲಿಂದ ಬಂತು?

ಇವತ್ತಿನ ಕಂತಿನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಸರಿ, ಮಧ್ಯದಲ್ಲಿ ಒಂದು ನಿಮಿಷ ಟಿಪ್ಪು ಸುಲ್ತಾನ್ ಬಂದು ಹೋಗ್ತಾರೆ. ಆದರೆ ಕಥೆ ಮಾತ್ರ ಒಂದು ಗಿಡದ್ದು.

ಪಿರಿಯಾಪಟ್ಟಣದಿಂದ ಬೆಟ್ಟದಪುರದ ಕಡೆ ಹೋಗುವಾಗ ಹಳ್ಳಿಮನೆಗಳ ಹಿತ್ತಲು ಗಮನಿಸಿ. ತಂಬಾಕು ಬ್ಯಾರನ್ ಪಕ್ಕದಲ್ಲೋ, ಬಟ್ಟೆ ಒಗೆಯೋ ಕಲ್ಲಿನ ಹತ್ತಿರವೋ, ಬಚ್ಚಲ ನೀರು ಹರಿದುಹೋಗೋ ಕಡೆಯೋ ಎದೆಮಟ್ಟದ ಒಂದು ಪೊದೆ ಇರುತ್ತೆ. ಹೂ ಸಣ್ಣದು, ತುಂಬು ಗುಲಾಬಿ ಬಣ್ಣ. ಬೆಳಿಗ್ಗೆ ಕಿತ್ತರೆ ಸಂಜೆಯೊಳಗೆ ಎಸಳು ಉದುರಿಹೋಗುತ್ತೆ. ಆದರೆ ಆ ವಾಸನೆ! ಸ್ಕೂಲಿಗೆ ಹೋಗೋ ಹುಡುಗಿ ಜಡೆಗೆ ಒಂದು ಮುಡಿದು ಬಸ್ ಹತ್ತಿದರೆ ಹಿಂದಿನ ಸೀಟಿನವರಿಗೂ ಗೊತ್ತಾಗುತ್ತೆ. ಇದನ್ನ ನಾವು ಪನ್ನೀರು ಗುಲಾಬಿ ಅಂತೀವಿ, ಕೆಲವರು ನಾಟಿ ಗುಲಾಬಿ ಅಂತಾರೆ. ನಾಟಿ ಅಂದ್ರೆ ನಮ್ಮದೇ ಊರಿನದು ಅಂತ ತಾನೆ? ಅಲ್ಲೇ ಇರೋದು ಮಜಾ.

ಮೊದಲು ಹೆಸರು ನೋಡೋಣ. ಪಾರ್ಸಿಯಲ್ಲಿ ‘ಗುಲ್’ ಅಂದ್ರೆ ಹೂವು, ಅದರಲ್ಲೂ ಗುಲಾಬಿ ಹೂವು. ‘ಆಬ್’ ಅಂದ್ರೆ ನೀರು. ಅಂದರೆ ‘ಗುಲಾಬ್’ ಅನ್ನೋದು ಹೂವಿನ ಹೆಸರೇ ಅಲ್ಲ, ಅದು ಹೂವಿನಿಂದ ಇಳಿಸಿದ ನೀರಿನ ಹೆಸರು. ಭಾರತಕ್ಕೆ ಬಂದ ಮೇಲೆ ನೀರಿನ ಹೆಸರು ಹೂವಿಗೆ ಅಂಟಿಕೊಂಡಿತು. ಇನ್ನು ಪನ್ನೀರು: ‘ಪನಿ’ ಅಂದ್ರೆ ಹನಿ. ಇಬ್ಬನಿಯಲ್ಲಿ ಇರೋದೂ ಅದೇ ಪನಿ. ಪನಿ, ನೀರು ಸೇರಿ ಪನ್ನೀರು. ಹಾಗಾಗಿ ‘ಪನ್ನೀರು ಗುಲಾಬಿ’ ಅಂದಾಗ ನಾವು ಒಂದೇ ಮಾತನ್ನ ಎರಡು ಭಾಷೆಯಲ್ಲಿ ಎರಡು ಸಲ ಹೇಳ್ತಾ ಇದ್ದೀವಿ, ‘ಗೇಟ್ ಬಾಗಿಲು’ ಅಂದ ಹಾಗೆ. ಮದುವೆಮನೆ ಬಾಗಿಲಲ್ಲಿ ಬೆಳ್ಳಿಯ ಪನ್ನೀರುದಾನಿ ಹಿಡಿದು ನಿಂತಿರ್ತಾರಲ್ಲ, ಹೂವಿಗಿಂತ ಮೊದಲು ನಮ್ಮಲ್ಲಿ ಹೆಸರು ಮಾಡಿದ್ದು ಆ ನೀರು.

ಆ ನೀರಿಗೆ ಬೇಕಾಗಿದ್ದು ಡಮಾಸ್ಕ್ ಗುಲಾಬಿ. ಡಮಾಸ್ಕಸ್ ಊರಿನ ಹೆಸರು ಹೊತ್ತ ಇದು ಪಶ್ಚಿಮ ಏಷ್ಯಾದ ಹಳೇ ಗಿಡ. ಮೊಘಲ್ ಬಾದಶಹ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ, ಗುಲಾಬಿ ಅತ್ತರು ಕಂಡುಹಿಡಿದದ್ದು ನೂರ್ ಜಹಾನಳ ತಾಯಿ ಅಂತ ಬರೆದಿದ್ದಾನೆ. (ಅತ್ತೆಯನ್ನ ಅಷ್ಟು ಹೊಗಳಿದ ಅಳಿಯ ಇತಿಹಾಸದಲ್ಲಿ ಅಪರೂಪ.) ಡಮಾಸ್ಕ್‌ನಲ್ಲಿ ಒಂದು ಕೊರತೆ ಇತ್ತು. ಹೆಚ್ಚಿನವು ವರ್ಷಕ್ಕೆ ಒಂದೇ ಸಲ, ಬೇಸಿಗೆಯ ಕೆಲವು ವಾರ ಮಾತ್ರ ಹೂ ಬಿಡುತ್ವೆ. ಅದರಲ್ಲೇ ಒಂದು ತಳಿ ಮಾತ್ರ ಶರತ್ಕಾಲದಲ್ಲಿ ಇನ್ನೊಂದು ಸಲ ಹೂ ಬಿಡ್ತಿತ್ತು. ಫ್ರೆಂಚರು ಅದನ್ನ ‘ನಾಲ್ಕು ಋತುವಿನ ಗುಲಾಬಿ’ ಅಂತ ಸ್ವಲ್ಪ ಜಾಸ್ತಿಯೇ ಹೊಗಳಿ ಕರೆದರು.

ಈಗ ಇನ್ನೊಂದು ಗಿಡ. ಚೀನಾದ ತೋಟಗಳಲ್ಲಿ ನೂರಾರು ವರ್ಷದಿಂದ ಬೆಳೆಸಿದ್ದ ಗುಲಾಬಿ ಅದು. ವಾಸನೆ ಕಡಿಮೆ, ಆದರೆ ಹೂ ನಿಲ್ಲಿಸೋದೇ ಇಲ್ಲ. ಯಾಕೆ ಅಂತ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ‘ಹೂ ಸಾಕು, ಈಗ ಕೊಂಬೆ ಬೆಳೆಸು’ ಅಂತ ಗಿಡಕ್ಕೆ ಬ್ರೇಕ್ ಹಾಕೋ ಒಂದು ಜೀನ್ ಇದೆ. ಚೀನಾ ಗುಲಾಬಿಯಲ್ಲಿ ಆ ಜೀನ್ ಒಳಗೆ ಡಿಎನ್‌ಎಯ ಒಂದು ತುಂಡು ನುಗ್ಗಿ ಕೂತು ಬ್ರೇಕ್ ಕೆಟ್ಟುಹೋಗಿದೆ. ಈ ಗಿಡಗಳು ಯುರೋಪಿಗೆ ಹೋದದ್ದು ಈಸ್ಟ್ ಇಂಡಿಯಾ ಕಂಪನಿ ಹಡಗುಗಳ ಕಾಲದಲ್ಲಿ, ಎಷ್ಟೋ ಸಲ ಕಲ್ಕತ್ತೆಯ ಮೇಲೆ. ಹಾಗಾಗಿ ಫ್ರೆಂಚರು ಚೀನಾದ ಹೂವಿಗೆ ‘ಬಂಗಾಳ ಗುಲಾಬಿ’ ಅಂತ ಹೆಸರಿಟ್ಟರು! 1793ರ ಹೊತ್ತಿಗೆ ತಿಳಿಗುಲಾಬಿ ಬಣ್ಣದ ಒಂದು ಚೀನಾ ತಳಿ ಇಂಗ್ಲೆಂಡಿನಲ್ಲಿ ಪಾರ್ಸನ್ಸ್ ಅನ್ನೋರ ತೋಟದಲ್ಲಿ ಹೂ ಬಿಟ್ಟಿತ್ತು.

ಒಂದಕ್ಕೆ ವಾಸನೆ ಇದೆ, ಇನ್ನೊಂದಕ್ಕೆ ಬಿಡುವಿಲ್ಲದೆ ಹೂ ಬಿಡೋ ಗುಣ ಇದೆ. ಇವೆರಡೂ ಭೇಟಿಯಾಗಿದ್ದು ಎಲ್ಲಿ? ಹಿಂದೂ ಮಹಾಸಾಗರದ ಮಧ್ಯೆ, ಮಡಗಾಸ್ಕರ್‌ನ ಪೂರ್ವಕ್ಕೆ, ಒಂದು ಪುಟ್ಟ ಫ್ರೆಂಚ್ ದ್ವೀಪದಲ್ಲಿ. ಈಗ ಅದರ ಹೆಸರು ರಿಯೂನಿಯನ್, ಆಗ ಬೂರ್ಬೋನ್.

ಟಿಪ್ಪು ಬರೋದು ಇಲ್ಲೇ. ಬೂರ್ಬೋನ್ ಪಕ್ಕದ ದ್ವೀಪ ಮಾರಿಷಸ್‌ಗೆ ಟಿಪ್ಪುವಿನ ರಾಯಭಾರಿಗಳು ಸೈನ್ಯ ಕೇಳಿಕೊಂಡು ಹೋಗಿದ್ದರು. ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಅದನ್ನ ಬಹಿರಂಗವಾಗಿ ಘೋಷಿಸಿಬಿಟ್ಟ. ಗುಟ್ಟಾಗಿ ಇಡಬೇಕಾದ ಮಾತು ವೆಲ್ಲೆಸ್ಲಿಗೆ ಯುದ್ಧದ ನೆಪ ಆಯ್ತು. ಮರುವರ್ಷ ಶ್ರೀರಂಗಪಟ್ಟಣ ಬಿತ್ತು. 1810ರಲ್ಲಿ ಬ್ರಿಟಿಷರು ಬೂರ್ಬೋನನ್ನೂ ಹಿಡಿದುಕೊಂಡರು. ಆ ದಂಡಿನಲ್ಲಿ ಮದ್ರಾಸ್ ಸಿಪಾಯಿಗಳೂ ಇದ್ದರು. ಇದನ್ನೆಲ್ಲ ಹೇಳಿದ್ದು ಯಾಕೆ ಅಂದ್ರೆ, ನಮಗೆ ಭೂಪಟದ ಚುಕ್ಕೆ ಥರ ಕಾಣೋ ಈ ದ್ವೀಪಗಳು ಆಗ ದಕ್ಷಿಣ ಭಾರತದ ನೆರೆಮನೆ ಇದ್ದ ಹಾಗೆ. ಯುರೋಪು, ಭಾರತದ ನಡುವೆ ಓಡಾಡೋ ಹಡಗುಗಳು ಅಲ್ಲಿ ನಿಲ್ಲುತ್ತಿದ್ದವು. ಜನ, ಪತ್ರ, ಸುದ್ದಿ, ಜೊತೆಗೆ ಕುಂಡದಲ್ಲಿ ಗಿಡಗಳು.

ಬೂರ್ಬೋನ್ ದ್ವೀಪದ ರೈತರು ಹೊಲದ ಸುತ್ತ ಬೇಲಿಗೆ ಗುಲಾಬಿ ನೆಡ್ತಿದ್ದರು. ನಾವು ಕಳ್ಳಿಯೋ ಲಂಟಾನವೋ ಬೆಳೆಸಿದ ಹಾಗೆ. ಬೇಲಿಯಲ್ಲಿ ಚೀನಾ ಗುಲಾಬಿ, ಡಮಾಸ್ಕ್ ಎರಡೂ ಪಕ್ಕಪಕ್ಕ. ಉಳಿದದ್ದು ಜೇನುನೊಣದ ಕೆಲಸ. ಎಡ್ವಾರ್ ಪೆರಿಶೋಂ ಅನ್ನೋ ಜಮೀನುದಾರನ ಜಾಗದಲ್ಲಿ ಎರಡಕ್ಕೂ ಹೋಲದ ಒಂದು ಸಸಿ ಕಾಣಿಸಿತು. ಅಲ್ಲಿನ ಸರ್ಕಾರಿ ಸಸ್ಯೋದ್ಯಾನ ನೋಡಿಕೊಳ್ಳೋಕೆ 1817ರಲ್ಲಿ ಬಂದ ಸಸ್ಯಶಾಸ್ತ್ರಜ್ಞ ನಿಕೊಲಾ ಬ್ರೆಯೋಂ ಅದರ ಮಹತ್ವ ಗುರುತಿಸಿದ. ದ್ವೀಪದವರು ಆಗಲೇ ಅದನ್ನ ‘ರೋಜ್ ಎಡ್ವಾರ್’ ಅಂತಿದ್ದರು. ಬ್ರೆಯೋಂ ಫ್ರಾನ್ಸಿಗೆ ಬೀಜ ಕಳಿಸಿದ. ಪ್ಯಾರಿಸ್ ಹತ್ತಿರದ ನ್ಯೂಯಿಯಲ್ಲಿ ಝಾಕ್ ಅನ್ನೋ ತೋಟಗಾರ ಅದನ್ನ ಬೆಳೆಸಿದ. ಅಲ್ಲಿಂದ ‘ಬೂರ್ಬೋನ್ ಗುಲಾಬಿ’ಗಳ ವಂಶವೇ ಶುರುವಾಯ್ತು. 1867ರಲ್ಲಿ ‘ಲಾ ಫ್ರಾನ್ಸ್’ ತಳಿಯಿಂದ ಆಧುನಿಕ ಗುಲಾಬಿಯ ಕಾಲ ಶುರು ಅಂತಾರಲ್ಲ, ಅದರ ಹಿಂದಿನ ತಲೆಮಾರುಗಳಲ್ಲೂ ಈ ರಕ್ತ ಇದೆ. ಪ್ರೇಮಿಗಳ ದಿನ ನೀವು ಪ್ಲಾಸ್ಟಿಕ್ ಸುತ್ತಿಸಿಕೊಂಡು ತರ್ತೀರಲ್ಲ ಉದ್ದ ಕಾಂಡದ ಕೆಂಪು ಹೂವು, ಅದಕ್ಕೆ ಹಿತ್ತಲ ಈ ಪೊದೆ ಮುತ್ತಜ್ಜಿ ಇದ್ದ ಹಾಗೆ.

ಭಾರತದಲ್ಲಿ ‘ಎಡ್ವಾರ್’ ಹೋಗಿ ‘ಎಡ್ವರ್ಡ್’ ಆಯ್ತು. ತೋಟಗಾರಿಕೆ ಪುಸ್ತಕಗಳಲ್ಲಿ ‘ಎಡ್ವರ್ಡ್ ರೋಸ್’ ಅಂತ ಈಗಲೂ ಸಿಗುತ್ತೆ. ಬ್ರಿಟಿಷ್ ರಾಜ ಏಳನೇ ಎಡ್ವರ್ಡ್‌ಗೂ ಇದಕ್ಕೂ ಸಂಬಂಧ ಇಲ್ಲ. ಅವನು ಹುಟ್ಟೋಕೆ ಮುಂಚೆಯೇ ಹೂವಿಗೆ ಹೆಸರಿತ್ತು.

ಒಂದು ಗೊಂದಲ ಇದೆ. ಪನ್ನೀರು ಗುಲಾಬಿ ಅಂತ ಕೆಲವು ನರ್ಸರಿಯವರು ಡಮಾಸ್ಕ್ ಕೊಡ್ತಾರೆ, ಕೆಲವರು ಎಡ್ವರ್ಡ್ ಕೊಡ್ತಾರೆ. ಅಂದರೆ ನಿಮ್ಮ ಮನೇಲಿರೋದು ತಾಯಿಯೋ ಮಗಳೋ ನೀವೇ ನೋಡಬೇಕು. ಕಾಂಡದ ತುಂಬ ಚಿಕ್ಕದು ದೊಡ್ಡದು ಅಂತ ಒತ್ತೊತ್ತಾಗಿ ಮುಳ್ಳು, ಎಲೆಯ ತಳ ಸ್ವಲ್ಪ ನವಿರು ರೋಮ, ವರ್ಷದಲ್ಲಿ ಒಂದೆರಡು ಸಲ ಮಾತ್ರ ಹೂ: ಇವಿದ್ದರೆ ತಾಯಿ. ಮುಳ್ಳು ವಿರಳ, ಎಲೆ ನುಣುಪು, ಮಳೆಗಾಲ ಚಳಿಗಾಲ ಅನ್ನದೆ ಮೊಗ್ಗು ಬರ್ತಾನೇ ಇದ್ದರೆ ಮಗಳು.

ನನಗೆ ಬೇಜಾರಾಗೋದು ಮುಂದಿನ ವಿಷಯಕ್ಕೆ. ಗಟ್ಟಿ ಬೇರು ಇರೋದರಿಂದ ನಮ್ಮ ದೇಶದ ನರ್ಸರಿಗಳು ಎಡ್ವರ್ಡ್ ಗಿಡವನ್ನ ಬೇರುಗಿಡವಾಗಿ ಬಳಸ್ತಾ ಬಂದಿವೆ. ಅದರ ಕಾಂಡಕ್ಕೆ ದೊಡ್ಡ ಹೂವಿನ ಹೊಸ ತಳಿಯ ಕಣ್ಣು ಕಸಿ ಮಾಡ್ತಾರೆ. ಕಸಿಯ ಕೆಳಗಿಂದ ಅದು ತನ್ನದೇ ಚಿಗುರು ಹೊರಡಿಸಿದರೆ ‘ಕಾಡುಚಿಗುರು, ಕಿತ್ತುಹಾಕಿ’ ಅಂತಾರೆ. ಹೂದಾನಿಯಲ್ಲಿ ವಾರ ಬಾಳಬೇಕು, ಲಾರಿಯಲ್ಲಿ ನಲುಗಬಾರದು ಅಂತ ಆರಿಸಿದ ಎಷ್ಟೋ ಮಾರುಕಟ್ಟೆ ಹೂಗಳಿಗೆ ವಾಸನೆ ಹೆಸರಿಗಷ್ಟೇ. ವಾಸನೆ ಇರೋದು ಮಣ್ಣೊಳಗೆ, ಇಲ್ಲದ್ದು ಮೇಲೆ! ಮೈಸೂರು ಮಲ್ಲಿಗೆಗೆ ಜಿಐ ಮಾನ್ಯತೆ ಇದೆ, ಹಾಡು ಕವಿತೆ ಇದೆ. ಪನ್ನೀರು ಗುಲಾಬಿಗೆ ಹಿತ್ತಲು ಮಾತ್ರ ಇತ್ತು. ಈಗ ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ ಜೆಸಿಬಿ ಮೊದಲು ಎತ್ತಿಹಾಕೋದು ಬಚ್ಚಲ ಪಕ್ಕದ ಆ ಪೊದೆಯನ್ನ. ಈ ಗಿಡ ಉಳಿದಿರೋದು ಕಡ್ಡಿಯಿಂದ ಕಡ್ಡಿಗೆ, ಅಜ್ಜಿಯಿಂದ ಪಕ್ಕದ ಮನೆಯಾಕೆಗೆ, ತವರಿಂದ ಗಂಡನ ಮನೆಗೆ. ಕೊಡೋರು ನಿಂತರೆ ಗಿಡವೂ ನಿಂತಿತು.

ಹಾಗಾಗಿ ಕೇಳಿ ತಗೊಳ್ಳಿ. ಜೂನ್ ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿ ನಾಲ್ಕೈದು. ಮೇಲಿನ ತುದಿಗೆ ಸಗಣಿ ಮೆತ್ತಿ, ಅರ್ಧ ಮಣ್ಣೊಳಗೆ ಹೋಗೋ ಹಾಗೆ ಓರೆಯಾಗಿ ನೆಡಿ. ನೀರು ನಿಲ್ಲದ ನಮ್ಮ ಕೆಂಪು ಮಣ್ಣು ಅದಕ್ಕೆ ಸರಿಹೋಗುತ್ತೆ, ಕೊಟ್ಟಿಗೆ ಗೊಬ್ಬರ ಒಂದು ಬೊಗಸೆ ಸಾಕು. ಬಾಡಿಗೆ ಮನೆಯವರು ಬಕೆಟ್‌ನಲ್ಲೂ ಬೆಳೆಸಬಹುದು, ಐದಾರು ಗಂಟೆ ಬಿಸಿಲು ಬೇಕು ಅಷ್ಟೇ. ಮಳೆ ಮುಗಿದ ಮೇಲೆ ಒಂದು ಸಲ ಒಣಕಡ್ಡಿ ತೆಗೆದು ಸವರಿ. ಹೂ ಬಾಡಿದ ಕೂಡಲೇ ಕತ್ತರಿಸಿದರೆ ಮುಂದಿನ ಮೊಗ್ಗು ಬೇಗ ಬರುತ್ತೆ. ಔಷಧಿ ಹೊಡೆಯದ ಗಿಡ ಆದರೆ ಎಸಳನ್ನ ಸಕ್ಕರೆ ಜೊತೆ ಪದರಪದರವಾಗಿ ಗಾಜಿನ ಭರಣಿಯಲ್ಲಿ ತುಂಬಿ, ಮೂರ್ನಾಲ್ಕು ವಾರ ಬಿಸಿಲಿಗಿಡಿ. ಗುಲ್ಕಂದ್ ರೆಡಿ. ಅಂಗಡಿಯ ಬೊಕೆ ಹೂವಿನಲ್ಲಿ ಮಾತ್ರ ಇದನ್ನ ಮಾಡೋಕೆ ಹೋಗಬೇಡಿ.

ಮುಂದಿನ ವಾರ ಸಿಗೋಣ.