ಮನೆಯೋ ಸ್ಯಾನಟೋರಿಯಮ್ಮೋ: ಕ್ಷಯ ಚಿಕಿತ್ಸೆಯ ಪ್ರಯೋಗಗಳ ಚರಿತ್ರೆ

ಕ್ಷಯಕ್ಕೆ ಔಷಧವಿಲ್ಲದ ಕಾಲದಲ್ಲಿ ಚಿಕಿತ್ಸೆ ಎಂದರೆ ಸ್ಯಾನಟೋರಿಯಂ. ಊರಾಚೆ ಗಾಳಿ ಬೆಳಕು ಧಾರಾಳವಾಗಿರುವ ಜಾಗ, ಸಾಲು ಹಾಸಿಗೆಗಳ ಉದ್ದನೆಯ ವಾರ್ಡು, ಹಾಲು ಮೊಟ್ಟೆಯ ಊಟ, ತಿಂಗಳುಗಟ್ಟಲೆ ವಿಶ್ರಾಂತಿ. ಮದನಪಲ್ಲಿ ಬಳಿಯ ಆರೋಗ್ಯವರಂ, ಮದ್ರಾಸಿನ ಹೊರವಲಯದ ತಾಂಬರಂ, ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಎಲ್ಲವೂ ಇದೇ ನಂಬಿಕೆಯ ಮೇಲೆ ಎದ್ದವು. ಕೆಲವರಿಗೆ ಎದೆಗೂಡಿನೊಳಗೆ ಗಾಳಿ ತುಂಬಿ, ಶ್ವಾಸಕೋಶವನ್ನು ಕುಗ್ಗಿಸಿ, ಅದಕ್ಕೂ ವಿಶ್ರಾಂತಿ ಕೊಡುತ್ತಿದ್ದರು. ಇದರಿಂದ ಎಷ್ಟು ಮಂದಿ ಉಳಿದರು, ಸುಮ್ಮನೆ ಬಿಟ್ಟಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರು ಎಂದು ಅಕ್ಕಪಕ್ಕದಲ್ಲಿಟ್ಟು ನೋಡಿದವರು ಬಹಳ ವಿರಳ. ಕ್ಷಯ ತಾನಾಗಿಯೇ ಇಳಿಯುವುದೂ ಉಂಟು, ಮತ್ತೆ ಏರುವುದೂ ಉಂಟು. ಹಾಗಾಗಿ ಯಾವ ಚಿಕಿತ್ಸೆ ಕೊಟ್ಟರೂ ಗುಣವಾದ ನಾಲ್ಕು ಮಂದಿಯನ್ನು ತೋರಿಸಬಹುದಿತ್ತು.

ಚಿನ್ನದ ಲವಣದ ಚುಚ್ಚುಮದ್ದು ಇದಕ್ಕೆ ಒಳ್ಳೆಯ ಉದಾಹರಣೆ. 1920ರ ದಶಕದಲ್ಲಿ ಯುರೋಪು, ಅಮೆರಿಕಗಳಲ್ಲಿ ಅದರ ಹೆಸರು ದೊಡ್ಡದಾಗಿತ್ತು. ಡೆಟ್ರಾಯಿಟ್ ಸಮೀಪದ ಸ್ಯಾನಟೋರಿಯಮ್ಮೊಂದರಲ್ಲಿ ಬರ್ನ್ಸ್ ಆಂಬರ್ಸನ್ ಮತ್ತು ಸಂಗಡಿಗರು 24 ರೋಗಿಗಳನ್ನು ಸರಿಸಮವಾದ ಎರಡು ಗುಂಪು ಮಾಡಿದರು. ಯಾವ ಗುಂಪಿಗೆ ಚಿನ್ನ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಇನ್ನೊಂದು ಗುಂಪಿಗೆ ಬರೀ ಶುದ್ಧ ನೀರಿನ ಚುಚ್ಚುಮದ್ದು. ಯಾರಿಗೆ ಯಾವುದೆಂದು ರೋಗಿಗಳಿಗೆ ತಿಳಿಸಲಿಲ್ಲ. 1931ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಚಿನ್ನದಿಂದ ಲಾಭವೇನೂ ಆಗಿರಲಿಲ್ಲ, ಹಾನಿಯೇ ಆಗಿತ್ತು.

1940ರ ದಶಕದ ಮಧ್ಯದಲ್ಲಿ ಸ್ಟ್ರೆಪ್ಟೊಮೈಸಿನ್ ಬಂತು. ಅಮೆರಿಕದ ಸೆಲ್ಮನ್ ವಾಕ್ಸ್‌ಮನ್‌ರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದ ಔಷಧ ಅದು. ಯುದ್ಧದಿಂದ ಬರಿದಾಗಿದ್ದ ಬ್ರಿಟನ್ನಿಗೆ ಅದನ್ನು ಕೊಳ್ಳಲು ಡಾಲರ್ ಸಾಲದು, ಸಿಕ್ಕಿದ್ದು ಸ್ವಲ್ಪವೇ. ಎಲ್ಲರಿಗೂ ಕೊಡಲಾಗದ ಔಷಧವನ್ನು ಕೊಡುವಷ್ಟು ಜನರಿಗಾದರೂ ಕೊಟ್ಟು, ಅದರ ನಿಜವಾದ ಗುಣವನ್ನು ಅಳೆಯಬೇಕು ಎಂದು ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ ನಿರ್ಧರಿಸಿತು. ಯೋಜನೆಯ ಹಿಂದಿದ್ದ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಯೌವನದಲ್ಲಿ ತಾವೇ ಕ್ಷಯಕ್ಕೆ ತುತ್ತಾಗಿ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರು. 1947ರ ಆರಂಭದಿಂದ ಆಸ್ಪತ್ರೆಗಳು ರೋಗಿಗಳ ವಿವರ ಕಳಿಸತೊಡಗಿದವು. ಎರಡೂ ಶ್ವಾಸಕೋಶಗಳಿಗೆ ಹಬ್ಬಿದ, ಹೊಸದಾಗಿ ಹತ್ತಿದ ಕ್ಷಯದ ಎಳೆವಯಸ್ಸಿನವರನ್ನಷ್ಟೇ ಆರಿಸಿಕೊಂಡರು. ರೋಗಿ ಅರ್ಹ ಎಂದು ಸಮಿತಿ ಒಪ್ಪಿದ ಮೇಲೆಯೇ ಮೊಹರು ಹಾಕಿದ ಲಕೋಟೆ ಒಡೆಯಬೇಕು. ಒಳಗಿನ ಚೀಟಿಯಲ್ಲಿ ಒಂದೋ ಸ್ಟ್ರೆಪ್ಟೊಮೈಸಿನ್, ಇಲ್ಲವೇ ಬರೀ ವಿಶ್ರಾಂತಿ. ಚೀಟಿಗಳ ಸರದಿಯನ್ನು ಯಾರ ಇಷ್ಟಾನಿಷ್ಟಕ್ಕೂ ಬಿಡದೆ, ಗೊತ್ತುಗುರಿಯಿಲ್ಲದ ಸಂಖ್ಯೆಗಳ ಕೋಷ್ಟಕದಿಂದ ಮೊದಲೇ ಸಿದ್ಧಮಾಡಿದ್ದರು. ಎಕ್ಸ್‌ರೇ ಫಿಲ್ಮುಗಳನ್ನು ಓದಿದ ಪರಿಣತರಿಗೂ ಅದು ಯಾವ ಗುಂಪಿನವರದೆಂದು ತಿಳಿಯದು.

ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ 4 ಮಂದಿ, ಪಡೆಯದ 52 ಜನರಲ್ಲಿ 14 ಮಂದಿ ತೀರಿಕೊಂಡರು. 1948ರ ಅಕ್ಟೋಬರಿನಲ್ಲಿ ಪ್ರಕಟವಾದ ಈ ವರದಿ ಆಧುನಿಕ ಔಷಧ ಪ್ರಯೋಗದ ಮಾದರಿ ಎನಿಸಿಕೊಂಡಿದೆ. ಆದರೆ ಆ 52 ಜನರಿಗೆ ತಾವೊಂದು ಪ್ರಯೋಗದಲ್ಲಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಅವರಿಗೆ ಹೇಳುವುದು ಅಗತ್ಯವೆಂದು ಆಗ ಯಾರೂ ಎಣಿಸಲಿಲ್ಲ. ನಾತ್ಸಿ ವೈದ್ಯರ ವಿಚಾರಣೆಯ ಬಳಿಕ, ಅದೇ 1947ರಲ್ಲಿ, ಮನುಷ್ಯರ ಮೇಲಿನ ಯಾವ ಪ್ರಯೋಗಕ್ಕೂ ಅವರ ಸ್ವಂತ ಒಪ್ಪಿಗೆ ಬೇಕೇ ಬೇಕು ಎಂದು ನ್ಯೂರೆಂಬರ್ಗ್ ಸಂಹಿತೆ ಸಾರಿತ್ತು. ಆಸ್ಪತ್ರೆಯ ವಾರ್ಡುಗಳಿಗೆ ಆ ಮಾತು ತಲುಪಲು ಬಹಳ ಕಾಲ ಹಿಡಿಯಿತು.

ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟರೆ ರೋಗಾಣು ಅದಕ್ಕೆ ಬಗ್ಗದಂತಾಗುತ್ತದೆ ಎಂಬುದು ಬೇಗನೆ ತಿಳಿಯಿತು. ಪಿ.ಎ.ಎಸ್. ಎಂಬ ಇನ್ನೊಂದು ಔಷಧ ಜೊತೆಗೂಡಿತು; 1952ರಲ್ಲಿ ಅಗ್ಗದ ಐಸೊನಯಾಜಿಡ್ ಬಂತು. ಭಾರತದ ಪಾಲಿಗೆ ದೊಡ್ಡ ಪ್ರಶ್ನೆ ಎದ್ದದ್ದು ಇಲ್ಲಿ. ದೇಶದಲ್ಲಿ ಕಫದ ಮೂಲಕ ರೋಗ ಹರಡುವ ಸ್ಥಿತಿಯಲ್ಲಿದ್ದವರು ಲಕ್ಷಗಟ್ಟಲೆ; ಸ್ಯಾನಟೋರಿಯಂ ಹಾಸಿಗೆಗಳದ್ದು ಸಾವಿರಗಳ ಲೆಕ್ಕ. ಎಲ್ಲರಿಗೂ ಹಾಸಿಗೆ ಕಟ್ಟಿಸುವ ಮಾತೇ ಇಲ್ಲ. ಮಾತ್ರೆ ಕೊಟ್ಟು ರೋಗಿಯನ್ನು ಮನೆಯಲ್ಲೇ ಇರಿಸಬಹುದೇ? ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಮನೆಯಲ್ಲಿ, ಅರೆಹೊಟ್ಟೆಯ ಊಟದಲ್ಲಿ, ಕೂಲಿ ಬಿಟ್ಟರೆ ಒಲೆ ಉರಿಯದ ಸ್ಥಿತಿಯಲ್ಲಿ ಆ ಮಾತ್ರೆ ಕೆಲಸ ಮಾಡುತ್ತದೆಯೇ? ಮನೆಮಂದಿಗೆ ರೋಗ ತಗಲುವುದಿಲ್ಲವೇ?

ಇದಕ್ಕೆ ಉತ್ತರ ಹುಡುಕಲು 1956ರಲ್ಲಿ ಮದ್ರಾಸಿನ ಚೇಟ್‌ಪಟ್‌ನಲ್ಲಿ ಕ್ಷಯ ಔಷಧ ಚಿಕಿತ್ಸಾ ಕೇಂದ್ರ ತೆರೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ ನಡೆಸಿದ ಕೆಲಸ ಅದು. ಬ್ರಿಟನ್ನಿನಿಂದ ಬಂದ ವಾಲೆಸ್ ಫಾಕ್ಸ್ ಮುಂದಾಳು. ನಗರದ ಬಡ ಬಡಾವಣೆಗಳಿಂದ ಬಂದ 193 ರೋಗಿಗಳನ್ನು ಎರಡು ಪಾಲು ಮಾಡಿದರು. ಯಾರು ಮನೆಗೆ, ಯಾರು ಸ್ಯಾನಟೋರಿಯಮ್ಮಿಗೆ ಎಂಬುದು ಇಲ್ಲಿಯೂ ಚೀಟಿಯ ಪಾಲಿಗೆ ಬಿಟ್ಟದ್ದು. ಔಷಧ ಇಬ್ಬರಿಗೂ ಒಂದೇ: ಒಂದು ವರ್ಷ ದಿನವೂ ಐಸೊನಯಾಜಿಡ್ ಮತ್ತು ಪಿ.ಎ.ಎಸ್.

ರೋಗಿಯನ್ನು ಸೇರಿಸಿಕೊಳ್ಳುವುದಕ್ಕಿಂತ ವರ್ಷವಿಡೀ ಕೈಬಿಡದೆ ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ಪಿ.ಎ.ಎಸ್. ದಿನಕ್ಕೆ ಹಲವು ಗ್ರಾಂ ನುಂಗಬೇಕಾದ ಔಷಧ. ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ಎರಡು ಮೂರು ತಿಂಗಳಲ್ಲಿ ಕೆಮ್ಮು ನಿಂತು ಮೈ ಹಗುರಾದ ಮೇಲೆ ಅದನ್ನು ನುಂಗಲು ಯಾರಿಗೂ ಮನಸ್ಸಾಗದು. ಅದಕ್ಕೇ ಕೇಂದ್ರದ ಸಿಬ್ಬಂದಿ ಮುಂಚೆ ತಿಳಿಸದೆ ಮನೆಗಳಿಗೆ ಹೋಗುತ್ತಿದ್ದರು. ಉಳಿದ ಔಷಧವನ್ನು ಎಣಿಸಿ, ತಾರೀಖಿನ ಲೆಕ್ಕಕ್ಕೆ ಹೊಂದುತ್ತದೆಯೇ ಎಂದು ನೋಡುವುದು ಒಂದು. ಅಲ್ಲೇ ಮೂತ್ರದ ಮಾದರಿ ಪಡೆದು ಪರೀಕ್ಷೆಗೆ ಒಯ್ಯುವುದು ಇನ್ನೊಂದು. ಪಿ.ಎ.ಎಸ್. ಹೊಟ್ಟೆಗೆ ಹೋಗಿದ್ದರೆ ಫೆರಿಕ್ ಕ್ಲೋರೈಡ್ ಹನಿಸಿದ ಮೂತ್ರದ ಬಣ್ಣ ತಿರುಗುತ್ತದೆ, ಹೋಗಿರದಿದ್ದರೆ ಇಲ್ಲ. ಇದನ್ನು ಪೊಲೀಸು ಕಾವಲು ಎಂದುಕೊಳ್ಳುವುದು ಸುಲಭ. ಆದರೆ ಮನೆಬಾಗಿಲಿಗೆ ಬಂದವರು ರೋಗಿಯ ಕಷ್ಟಸುಖವನ್ನೂ ಮನೆಯವರ ಆರೋಗ್ಯವನ್ನೂ ವಿಚಾರಿಸುವವರಾಗಿದ್ದರಿಂದಲೇ ಅಷ್ಟು ಮಂದಿ ಕೊನೆಯವರೆಗೂ ಉಳಿದರು ಎಂದು ನಂಬಲು ಕಾರಣವಿದೆ. ಅತ್ತ ಸ್ಯಾನಟೋರಿಯಂ ಸೇರಿದವರಲ್ಲಿ ಕೆಲವರು ಅವಧಿ ಮುಗಿಯುವ ಮೊದಲೇ ಹೊರಟುಹೋದರು. ದುಡಿಯುವ ಕೈ ವರ್ಷವಿಡೀ ದೂರವಿದ್ದರೆ ಸಂಸಾರ ಹೇಗೆ ನಡೆದೀತು?

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ಸ್ಯಾನಟೋರಿಯಮ್ಮಿನವರಲ್ಲಿ ಶೇ. 92, ಮನೆಯಲ್ಲಿದ್ದವರಲ್ಲಿ ಶೇ. 86 ಮಂದಿಯ ಕಫದಲ್ಲಿ ರೋಗಾಣು ಕಾಣದಾಗಿತ್ತು. ಇಷ್ಟು ಚಿಕ್ಕ ಅಂತರಕ್ಕಾಗಿ ಲಕ್ಷಾಂತರ ಜನರನ್ನು ಚಿಕಿತ್ಸೆಯಿಂದ ಹೊರಗಿಡಲು ಕಾರಣವೇ ಉಳಿಯಲಿಲ್ಲ. ಸ್ಯಾನಟೋರಿಯಮ್ಮಿನವರಿಗೆ ಒಳ್ಳೆಯ ಊಟ, ಹೆಚ್ಚು ವಿಶ್ರಾಂತಿ, ಒಳ್ಳೆಯ ಗಾಳಿ ಇತ್ತು. ಅವರ ತೂಕವೂ ಹೆಚ್ಚು ಏರಿತ್ತು. ಆದರೂ ಗುಣವಾಗುವುದರಲ್ಲಿ ಅದು ಹೇಳಿಕೊಳ್ಳುವ ವ್ಯತ್ಯಾಸ ತರಲಿಲ್ಲ. ಮನೆಮಂದಿಯನ್ನು ಐದು ವರ್ಷ ಹಿಂಬಾಲಿಸಿ ನೋಡಿದಾಗ ಇನ್ನೊಂದು ಭಯವೂ ಕಳೆಯಿತು. ರೋಗಿ ಜೊತೆಯಲ್ಲೇ ಇದ್ದ ಮನೆಗಳಲ್ಲಿ, ರೋಗಿಯನ್ನು ದೂರ ಕಳಿಸಿದ ಮನೆಗಳಿಗಿಂತ ಹೆಚ್ಚು ಜನರಿಗೆ ಕ್ಷಯ ತಗಲಿರಲಿಲ್ಲ. ಸೋಂಕು ತಗಲುವುದಿದ್ದರೆ ಅದು ಬಹುಪಾಲು ಚಿಕಿತ್ಸೆ ಆರಂಭವಾಗುವ ಮೊದಲೇ ತಗಲಿರುತ್ತಿತ್ತು. ಮುಂದಿನ ವರ್ಷಗಳಲ್ಲಿ ಜಗತ್ತಿನ ಸ್ಯಾನಟೋರಿಯಮ್ಮುಗಳು ಒಂದೊಂದಾಗಿ ಮುಚ್ಚಿದ್ದರ ಹಿಂದೆ ಈ ಅಧ್ಯಯನದ ಪಾಲು ದೊಡ್ಡದು. ಬಡವರ ಬಳಿ ಕೇಳಿದ ಬಡವರ ಪ್ರಶ್ನೆಗೆ ಸಿಕ್ಕ ಉತ್ತರ ಶ್ರೀಮಂತ ದೇಶಗಳ ಪದ್ಧತಿಯನ್ನೂ ಬದಲಿಸಿತು.

ಮನೆಮನೆ ಸುತ್ತಿದ ಅನುಭವದಿಂದಲೇ ಮುಂದಿನ ಹೆಜ್ಜೆಯೂ ಹುಟ್ಟಿತು. ರೋಗಿ ತಾನಾಗಿ ಔಷಧ ತಪ್ಪಿಸುವುದು ಸೋಮಾರಿತನದಿಂದಲ್ಲ, ಅದು ಎಲ್ಲ ಕಡೆಯೂ ಆಗುವಂಥದು ಎಂದು ಫಾಕ್ಸ್ ಕಂಡುಕೊಂಡರು. ಹಾಗಾದರೆ ವಾರಕ್ಕೆ ಎರಡೇ ಸಲ, ಸಿಬ್ಬಂದಿಯ ಕಣ್ಣೆದುರಿಗೇ ಔಷಧ ಕೊಟ್ಟರೆ? 1964ರಲ್ಲಿ ಪ್ರಕಟವಾದ ಮದ್ರಾಸಿನ ಇನ್ನೊಂದು ಪ್ರಯೋಗ ಇದೂ ಸಾಧ್ಯ ಎಂದು ತೋರಿಸಿತು. ದಶಕಗಳ ಬಳಿಕ ಡಾಟ್ಸ್ ಎಂಬ ಹೆಸರಿನಲ್ಲಿ ಹಳ್ಳಿಹಳ್ಳಿಗೂ ಬಂದ ಪದ್ಧತಿಯ ಬೇರು ಅಲ್ಲಿದೆ.

ಮದ್ರಾಸಿನಲ್ಲಿ ಔಷಧದ ಪರೀಕ್ಷೆ ನಡೆದರೆ, ಅದನ್ನು ಊರೂರಿಗೆ ಮುಟ್ಟಿಸುವ ಬಗೆ ಬೆಂಗಳೂರಿನ ಪಾಲಿಗೆ ಬಂತು. 1959ರಲ್ಲಿ ಬಳ್ಳಾರಿ ರಸ್ತೆಯ ಅವಲಾನ್ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಹಳ್ಳಿಯ ಜನ ಅಜ್ಞಾನಿಗಳು, ಕಾಯಿಲೆ ಮುಚ್ಚಿಟ್ಟುಕೊಳ್ಳುತ್ತಾರೆ, ಅವರನ್ನು ಎಕ್ಸ್‌ರೇ ವ್ಯಾನಿನಲ್ಲಿ ಹುಡುಕಿಕೊಂಡು ಹೋಗಬೇಕು ಎಂಬುದು ಆಗಿನ ತಜ್ಞರ ಸಾಮಾನ್ಯ ಅಭಿಪ್ರಾಯ. ಸಂಸ್ಥೆಯ ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ಕ್ಷಯವಿದ್ದವರನ್ನೇ ವಿಚಾರಿಸಿದರು. 1963ರಲ್ಲಿ ಅವರು ಬರೆದದ್ದು ಆ ಅಭಿಪ್ರಾಯಕ್ಕೆ ಪೂರ್ತಿ ವಿರುದ್ಧ. ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆ ಕೇಳಿಕೊಂಡು ಹೋಗಿಯೂ ಇದ್ದರು. ಅಲ್ಲಿ ಕಫ ಪರೀಕ್ಷಿಸದೆ, ಒಂದು ಶೀಸೆ ಕೆಮ್ಮಿನ ಔಷಧ ಕೊಟ್ಟು ಸಾಗಹಾಕಿದ್ದರು. ರೋಗಿಯನ್ನು ದೂರುವ ಮುನ್ನ ಆಸ್ಪತ್ರೆಯನ್ನು ಸರಿಪಡಿಸಬೇಕು ಎಂಬ, ವರದಿ ಅಚ್ಚಾಗುವ ಮೊದಲೇ ಸಿಕ್ಕಿದ್ದ ಈ ಅರಿವಿನ ಮೇಲೆ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ರೂಪುಗೊಂಡಿತು: ಇರುವ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ, ಅಲ್ಲೇ ಔಷಧ.

ಅದೇ ಸಂಸ್ಥೆಯ ಇನ್ನೊಂದು ಕೆಲಸವನ್ನು ಓದುವಾಗ ಮನಸ್ಸು ಭಾರವಾಗುತ್ತದೆ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ನಾಲ್ಕು ಸುತ್ತು ಸಮೀಕ್ಷೆ ನಡೆಯಿತು. ಸಂಘಟಿತ ಚಿಕಿತ್ಸೆಯ ಕಾರ್ಯಕ್ರಮ ಇಲ್ಲದ ಕಡೆ ಕ್ಷಯ ತಾನಾಗಿ ಹೇಗೆ ಸಾಗುತ್ತದೆ ಎಂಬುದು ಅದರ ಪ್ರಶ್ನೆ. ಮೊದಲ ಸುತ್ತಿನಲ್ಲಿ ಪತ್ತೆಯಾದ ರೋಗಿಗಳಲ್ಲಿ ಐದು ವರ್ಷದ ಕೊನೆಗೆ ಶೇ. 49 ಮಂದಿ ತೀರಿಕೊಂಡಿದ್ದರು, ಶೇ. 18 ಮಂದಿಯ ಕಫದಲ್ಲಿ ಇನ್ನೂ ರೋಗಾಣು ಇತ್ತು, ಉಳಿದ ಶೇ. 33 ಮಂದಿ ತಾವಾಗಿ ಚೇತರಿಸಿಕೊಂಡಿದ್ದರು. ಈ ಅಂಕಿಗಳು ಇಂದಿಗೂ ಕ್ಷಯದ ಪಠ್ಯಗಳಲ್ಲಿ ನಿಂತಿವೆ. ಐಸೊನಯಾಜಿಡ್ ಬಂದು ಸುಮಾರು ಹತ್ತು ವರ್ಷ ಕಳೆದ ಮೇಲೆ ಆ ಹಳ್ಳಿಗಳಲ್ಲಿ ಸಂಭವಿಸಿದ ಸಾವುಗಳು ಅವು. ಇಂಥ ಅಧ್ಯಯನಕ್ಕೆ ಇಂದು ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡಲಾರದು.

ಗಾತ್ರದಲ್ಲಿ ಎಲ್ಲವನ್ನೂ ಮೀರಿಸಿದ್ದು ಚೆಂಗಲ್ಪಟ್ಟು ಜಿಲ್ಲೆಯ ಬಿ.ಸಿ.ಜಿ. ಲಸಿಕೆಯ ಪ್ರಯೋಗ. 1968ರಿಂದ 1971ರವರೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು, ಕೆಲವರಿಗೆ ಲಸಿಕೆ, ಕೆಲವರಿಗೆ ಲಸಿಕೆಯಿಲ್ಲದ ದ್ರಾವಣ ಕೊಟ್ಟರು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಬಿ.ಸಿ.ಜಿ. ತಡೆಯುತ್ತದೆ ಎಂಬ ನಿರೀಕ್ಷೆ ದೊಡ್ಡದಿತ್ತು, ಅದು ತಡೆಯಲಿಲ್ಲ. ಏಳೂವರೆ ವರ್ಷದ ಫಲಿತಾಂಶ 1979ರಲ್ಲಿ ಹೊರಬಿದ್ದಾಗ ಅನೇಕರು ನಂಬಲು ಹಿಂಜರಿದರು. ಹದಿನೈದು ವರ್ಷದ ಲೆಕ್ಕವೂ ಅದನ್ನೇ ಹೇಳಿತು. ಮಕ್ಕಳಿಗೆ ಬರುವ ಮಿದುಳುಪೊರೆಯ ಕ್ಷಯದಂಥ ಘೋರ ರೂಪಗಳಿಂದ ಕಾಪಾಡುವ ಕಾರಣಕ್ಕೆ ಹಸುಗೂಸುಗಳಿಗೆ ಈ ಲಸಿಕೆ ಈಗಲೂ ಇದೆ.

ಒಪ್ಪಿಗೆಯ ನಿಯಮಗಳು ಬಂದದ್ದು ನಿಧಾನವಾಗಿ. 1964ರ ಹೆಲ್ಸಿಂಕಿ ಘೋಷಣೆ ವೈದ್ಯರಿಗೆ ದಾರಿ ತೋರಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1980ರಲ್ಲಿ ಮೊದಲ ನೀತಿ ಹೇಳಿಕೆ, 2000ರಲ್ಲಿ ವಿವರವಾದ ಮಾರ್ಗಸೂಚಿ ಹೊರಡಿಸಿತು. 2009ರಿಂದ ಪ್ರತಿಯೊಂದು ಪ್ರಯೋಗವನ್ನೂ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯವಾಯಿತು. ಇಷ್ಟಾದರೂ ಕಾಗದದ ಮೇಲಿನ ಒಪ್ಪಿಗೆ ನಿಜವಾದ ಒಪ್ಪಿಗೆಯಾಗಿರಲಿಲ್ಲ. ಅದೇ 2009ರಲ್ಲಿ ಖಮ್ಮಂ ಮತ್ತು ವಡೋದರಾಗಳಲ್ಲಿ ಶುರುವಾದ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆಯಲ್ಲಿ ಎಷ್ಟೋ ಬಾಲಕಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೂ ಮುಖ್ಯೋಪಾಧ್ಯಾಯರೂ ಸಹಿ ಹಾಕಿದ್ದು ಬಯಲಾಯಿತು. ಮರುವರ್ಷ ಯೋಜನೆ ನಿಂತಿತು, ಮುಂದೆ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. ಸುಪ್ರೀಂ ಕೋರ್ಟ್‌ಗೆ ಹೋದ ದೂರುಗಳ ಬೆನ್ನಲ್ಲೇ 2013ರಲ್ಲಿ ಒಪ್ಪಿಗೆ ಪಡೆಯುವುದನ್ನು ವಿಡಿಯೋದಲ್ಲಿ ದಾಖಲಿಸಬೇಕೆಂಬ, ಪ್ರಯೋಗದಿಂದ ಹಾನಿಯಾದರೆ ಪರಿಹಾರ ಕೊಡಬೇಕೆಂಬ ನಿಯಮಗಳು ಬಂದವು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಇವನ್ನೆಲ್ಲ ಒಟ್ಟುಗೂಡಿಸಿದವು.

ಮದ್ರಾಸಿನ ಕೇಂದ್ರ ಈಗ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. ಮನೆಯಲ್ಲಿದ್ದ ರೋಗಿ ಬಡ ಊಟದಲ್ಲೂ ಗುಣವಾಗುತ್ತಾನೆ ಎಂದು ಅದು ತೋರಿಸಿದ ಮೇಲೆ, ಊಟದ ಮಾತು ಕ್ಷಯದ ಚರ್ಚೆಯಿಂದಲೇ ಬಹುಕಾಲ ಸರಿದುಹೋಗಿತ್ತು. ಗುಣವಾಗುವುದು ಬೇರೆ, ರೋಗ ಬಾರದಿರುವುದು ಬೇರೆ; ಒಳ್ಳೆಯ ಊಟ ರೋಗ ಬಾರದಂತೆ ತಡೆಯುತ್ತದೆಯೇ ಎಂದು ಆ ಪ್ರಯೋಗ ಕೇಳಿರಲಿಲ್ಲ. ಆ ಪ್ರಶ್ನೆಯನ್ನು ಎತ್ತಿಕೊಂಡವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಚೆನ್ನೈನ ಅದೇ ಸಂಸ್ಥೆಯ ಜೊತೆಗೂಡಿ, 2019ರಿಂದ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಅವರು ನಡೆಸಿದ ಪ್ರಯೋಗದಲ್ಲಿ 2,800 ರೋಗಿಗಳು, ಅವರ ಮನೆಗಳ 10,345 ಜನ ಸೇರಿದ್ದರು. ಔಷಧದ ಜೊತೆಗೆ ಆಹಾರದ ಪಡಿ ಎಲ್ಲ ರೋಗಿಗಳಿಗೂ ಸಿಕ್ಕಿತು, ಯಾರನ್ನೂ ಹೊರಗಿಡಲಿಲ್ಲ. ಚೀಟಿಗೆ ಬಿಟ್ಟದ್ದು ಮನೆಮಂದಿಯ ಪಡಿಯನ್ನು ಮಾತ್ರ: ಕೆಲವು ಪ್ರದೇಶಗಳಲ್ಲಿ ಅವರಿಗೂ ತಿಂಗಳಿಗೆ ತಲೆಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಮತ್ತು ವಿಟಮಿನ್ ಮಾತ್ರೆ, ಉಳಿದ ಕಡೆ ಎಂದಿನ ಊಟ. 2023ರ ವರದಿಯಂತೆ ಪಡಿ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದದ್ದು ಶೇ. 39ರಷ್ಟು ಕಡಿಮೆ; ಸೋಂಕು ಹರಡುವ ಶ್ವಾಸಕೋಶದ ಕ್ಷಯವನ್ನಷ್ಟೇ ಎಣಿಸಿದರೆ ಶೇ. 48ರಷ್ಟು ಕಡಿಮೆ. 2024ರ ನವೆಂಬರಿನಿಂದ ಕೇಂದ್ರ ಸರ್ಕಾರ ಕ್ಷಯ ರೋಗಿಗಳ ಪೋಷಣೆಗೆ ಕೊಡುವ ತಿಂಗಳ ಹಣವನ್ನು 500 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಿತು. ದಾನಿಗಳ ಮೂಲಕ ಹಂಚುವ ಆಹಾರದ ಬುಟ್ಟಿಯನ್ನು ರೋಗಿಯ ಮನೆಯವರಿಗೂ ವಿಸ್ತರಿಸಿತು.